ಸೋಲಾರ್ ಡ್ರೈಯರ್: ಶ್ರಾವಕರ ಮನೆಗೆ ಒಂದು ಕೈಪಿಡಿ

ಸೋಲಾರ್ ಡ್ರೈಯರ್ ಎಂದರೆ ಬಿಸಿಲಿನ ಶಾಖವನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಹಿಡಿದು, ಆ ಬಿಸಿ ಗಾಳಿಯಿಂದ ಕಾಯಿ, ಹಣ್ಣು, ಸೊಪ್ಪು, ಹಪ್ಪಳ, ಸಂಡಿಗೆಗಳನ್ನು ಒಣಗಿಸುವ ಸಾಧನ. ಮೇಲೆ ಗಾಜು ಅಥವಾ ಪಾರದರ್ಶಕ ಹಾಳೆ, ಒಳಗೆ ಕಪ್ಪು ಬಣ್ಣದ ತಳ, ನಡುವೆ ಜಾಲರಿ ತಟ್ಟೆಗಳು, ಗಾಳಿ ಒಳಬರಲು ಕೆಳಗೊಂದು ಕಿಂಡಿ, ಹೊರಹೋಗಲು ಮೇಲೊಂದು ಕಿಂಡಿ: ಇಷ್ಟೇ ಅದರ ರಚನೆ.

ಬೆಳ್ಳಂದೂರು, ಸರ್ಜಾಪುರ ರಸ್ತೆ, ಮಾರತ್ತಹಳ್ಳಿ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಇಂದು ಅನೇಕ ಜೈನ ಕುಟುಂಬಗಳಿವೆ. ಕೆಲವರು ಬೆಳಗಾವಿ, ತುಮಕೂರು, ಮೂಡುಬಿದಿರೆ ಕಡೆಯಿಂದ ಬಂದವರು, ಕೆಲವರು ರಾಜಸ್ಥಾನ, ಗುಜರಾತ್ ಮೂಲದವರು. ಊರಿನ ಮನೆಯಲ್ಲಿ ಅಂಗಳವಿತ್ತು, ಮಾಳಿಗೆಯಿತ್ತು. ಚಾತುರ್ಮಾಸಕ್ಕೆ ಬೇಕಾದ ಒಣ ಪದಾರ್ಥಗಳನ್ನು ಬೇಸಿಗೆಯಲ್ಲೇ ಸಿದ್ಧಮಾಡಿಕೊಳ್ಳುತ್ತಿದ್ದರು. ಇಲ್ಲಿ ಅಂಗಳವಿಲ್ಲ. ಅಂಗಡಿಯಲ್ಲಿ ಸಿಗುವ ಒಣ ತರಕಾರಿ ಯಾವ ಯಂತ್ರದಲ್ಲಿ, ಈರುಳ್ಳಿ ಬೆಳ್ಳುಳ್ಳಿಯ ಜೊತೆ ಒಣಗಿದೆಯೋ ತಿಳಿಯುವುದಿಲ್ಲ. ಆದ್ದರಿಂದ ಮನೆಯ ತಾರಸಿಯಲ್ಲೇ ಇಡಬಹುದಾದ ಡ್ರೈಯರ್ ಬಗ್ಗೆ ತಿಳಿಯಲು ಬಯಸುವವರಿಗಾಗಿ ಈ ಲೇಖನ.

ಒಂದು ಮಾತನ್ನು ಮೊದಲೇ ಹೇಳಬೇಕು. ಒಣಗಿದ ಮಾತ್ರಕ್ಕೆ ಎಲ್ಲವೂ ಶುದ್ಧವಾಗುವುದಿಲ್ಲ. ಏನನ್ನು ಒಣಗಿಸಿದೆವು, ಹೇಗೆ ಒಣಗಿಸಿದೆವು, ಒಣಗಿದ್ದನ್ನು ಹೇಗೆ ಇಟ್ಟೆವು: ಈ ಮೂರೂ ಸರಿಯಿರಬೇಕು. ಡ್ರೈಯರ್ ನೆರವಾಗುವುದು ನಡುವಿನದಕ್ಕೆ ಮಾತ್ರ. ಮೊದಲನೆಯದು ಮತ್ತು ಕೊನೆಯದು ನಮ್ಮ ವಿವೇಕಕ್ಕೆ ಬಿಟ್ಟದ್ದು.

ಒಣಗಿಸುವುದರ ಬಗ್ಗೆ ಶಾಸ್ತ್ರ ಏನು ಹೇಳುತ್ತದೆ?

ದ್ರವ್ಯವೊಂದು ಪ್ರಾಸುಕ, ಅಂದರೆ ಜೀವರಹಿತ, ಆಗುವ ಬಗೆಗಳನ್ನು ಹೇಳುವ ಪ್ರಾಚೀನ ಪ್ರಾಕೃತ ಗಾಹೆಯೊಂದು ಟೀಕಾಗ್ರಂಥಗಳಲ್ಲಿ ಬರುತ್ತದೆ. ಒಣಗಿದ್ದು, ಬೆಂದದ್ದು, ಕಾಯಿಸಿದ್ದು, ಹುಳಿ ಮತ್ತು ಉಪ್ಪು ಬೆರೆತದ್ದು, ಯಂತ್ರದಿಂದ ಛಿನ್ನವಾದದ್ದು ಪ್ರಾಸುಕ ಎಂಬುದು ಅದರ ತಾತ್ಪರ್ಯ. ಈ ಪಟ್ಟಿಯಲ್ಲಿ ಮೊದಲು ಬರುವುದೇ ಒಣಗುವಿಕೆ. ಸಚಿತ್ತ ತ್ಯಾಗದ ನಿಯಮವಿರುವವರಿಗೆ ಒಣ ಪದಾರ್ಥ ಮುಖ್ಯವಾದದ್ದು ಈ ಕಾರಣದಿಂದ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಫಲ ಅಲ್ಪ ಘಾತ ಬಹಳ ಎಂಬ ಕಾರಣಕ್ಕೆ ಬಿಡಬೇಕಾದವುಗಳನ್ನು ಹೆಸರಿಸುವಾಗ ಮೂಲಂಗಿಯ ಜೊತೆ ಶುಂಠಿಯನ್ನೂ ಹೇಳುತ್ತಾರೆ. ಅಲ್ಲಿ ಶುಂಠಿಗೆ ‘ಆರ್ದ್ರ’ ಎಂಬ ವಿಶೇಷಣವಿದೆ, ಅಂದರೆ ಹಸಿ ಶುಂಠಿ. ಹಸಿ ಶುಂಠಿಯನ್ನು ಬಿಟ್ಟ ಮನೆಗಳಲ್ಲೂ ಒಣಶುಂಠಿ, ಅರಿಶಿನ ಬಳಕೆಯಲ್ಲಿವೆ.

ಹಾಗೆಂದು ಒಣಗಿಸಿದರೆ ಸಾಕು, ಏನನ್ನಾದರೂ ತಿನ್ನಬಹುದು ಎಂದಲ್ಲ. ಆಚಾರ್ಯ ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಪಂಚ ಉದುಂಬರ ಫಲಗಳ ವಿಷಯದಲ್ಲಿ ಈ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾರೆ. ಕಾಲ ಕಳೆದು ಒಣಗಿ, ಒಳಗಿನ ತ್ರಸ ಜೀವಗಳಿಲ್ಲವಾದ ಉದುಂಬರ ಫಲವನ್ನು ತಿಂದರೂ ಹಿಂಸೆಯೇ, ಏಕೆಂದರೆ ಅಲ್ಲಿ ವಿಶೇಷ ರಾಗವಿದೆ ಎಂಬುದು ಅವರ ನಿಲುವು. ವರ್ಜ್ಯವಾದುದನ್ನು ಒಣಗಿಸಿ ತಿನ್ನುವ ಆಸೆಯೇ ದೋಷ. ಆಲೂಗಡ್ಡೆ ಚಿಪ್ಸ್, ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಬೀಟ್‌ರೂಟ್ ಪುಡಿಗಳು ಡ್ರೈಯರ್‌ನಲ್ಲಿ ಒಣಗಿದವು ಎಂಬ ಕಾರಣಕ್ಕೆ ನಮ್ಮ ಅಡುಗೆಮನೆಗೆ ಬರಲಾರವು. ಒಣಶುಂಠಿಯ ವಿಷಯದಲ್ಲೂ, ಅಂಗಡಿಯಿಂದ ಒಣಗಿದ್ದನ್ನು ತರುವುದು ಬೇರೆ, ಹಸಿ ಶುಂಠಿ ತಂದು ನಾವೇ ಕತ್ತರಿಸಿ ಒಣಗಿಸುವುದು ಬೇರೆ ಎನ್ನುವ ಹಿರಿಯರಿದ್ದಾರೆ. ಸಂಶಯವಿದ್ದಲ್ಲಿ ತಮ್ಮ ಗುರುಗಳನ್ನು, ತ್ಯಾಗಿಗಳನ್ನು ಕೇಳಿ ನಡೆಯುವುದು ಒಳ್ಳೆಯದು.

ಬಯಲು ಬಿಸಿಲಿನಲ್ಲಿ ಏನು ತೊಂದರೆ?

ಚಾಪೆಯ ಮೇಲೆ, ಸೀರೆಯ ಮೇಲೆ ಹರಡಿ ಒಣಗಿಸುವುದು ನಮ್ಮ ಹಳೆಯ ಕ್ರಮ. ಬ್ಯಾಡಗಿ ಮೆಣಸಿನಕಾಯಿ (2011ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಬೆಳೆ) ಇಂದಿಗೂ ಹಾವೇರಿ, ಧಾರವಾಡ ಸೀಮೆಯ ಕಣಗಳಲ್ಲಿ ಹೀಗೇ ಒಣಗುತ್ತದೆ. ವಿಜಯಪುರದ ಒಣದ್ರಾಕ್ಷಿಯನ್ನು ನೆರಳಿನ ಶೆಡ್‌ಗಳಲ್ಲಿ ಗಾಳಿಗೆ ಒಣಗಿಸುತ್ತಾರೆ. ಸುಮಾರು 4 ಕಿಲೋ ಹಣ್ಣಿಗೆ 1 ಕಿಲೋ ಒಣದ್ರಾಕ್ಷಿ, ಅದಕ್ಕೆ ಎರಡು ವಾರದಷ್ಟು ಕಾಲ. ಉತ್ತರ ಕನ್ನಡದ ಸುಕೇಳಿ ಬಾಳೆಹಣ್ಣು, ಮಲೆನಾಡಿನ ಮಾಂಬಳ, ಕರಾವಳಿಯ ಹಲಸಿನ ಹಪ್ಪಳ ಎಲ್ಲವೂ ಬಿಸಿಲಿನ ಕೂಸುಗಳೇ.

ಬಯಲಿನಲ್ಲಿ ನಾಲ್ಕು ತೊಂದರೆಗಳಿವೆ. ಮೊದಲನೆಯದು, ನೊಣ, ಇರುವೆ, ಸಣ್ಣ ಹುಳುಗಳು ಬಂದು ಅಂಟುತ್ತವೆ. ಸಿಹಿಯಾದ ಮಾವಿನ ತಿರುಳಿನ ಮೇಲೆ ಕುಳಿತ ನೊಣ ಮೇಲೇಳಲಾರದೆ ಅಲ್ಲೇ ಸಾಯುತ್ತದೆ. ಎರಡನೆಯದು, ಒಣಗಲು ದಿನಗಳು ಹಿಡಿಯುವುದರಿಂದ ರಾತ್ರಿಯ ತೇವ ಹೀರಿ ಮತ್ತೆ ಒದ್ದೆಯಾಗಿ ಬೂಷ್ಟು ಹಿಡಿಯುತ್ತದೆ. ಮೆಣಸಿನಕಾಯಿ, ಶೇಂಗಾ, ಮೆಕ್ಕೆಜೋಳಗಳಲ್ಲಿ ಹೀಗೆ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತವೆ. ಇದು ಯಕೃತ್ತಿಗೆ ಮಾರಕ, ಅಡುಗೆಯ ಬಿಸಿಗೂ ಪೂರ್ತಿ ಹೋಗುವುದಿಲ್ಲ. ಮೂರನೆಯದು ಧೂಳು ಮತ್ತು ಹಕ್ಕಿಯ ಹಿಕ್ಕೆ. ನಾಲ್ಕನೆಯದು, ನೇರ ಬಿಸಿಲಿಗೆ ಸೊಪ್ಪಿನ ಹಸಿರು ಮತ್ತು ಜೀವಸತ್ವಗಳು ಕುಂದುತ್ತವೆ.

ಮೊದಲ ಎರಡು ತೊಂದರೆಗಳು ನಮಗೆ ಬರೀ ಆರೋಗ್ಯದ ವಿಷಯವಲ್ಲ. ಒದ್ದೆ ಇದ್ದಲ್ಲಿ ಜೀವೋತ್ಪತ್ತಿ; ಜೀವೋತ್ಪತ್ತಿ ಆದಲ್ಲಿ ಹಿಂಸೆ. ಬೇಗ ಒಣಗಿಸುವುದು, ಮುಚ್ಚಿ ಒಣಗಿಸುವುದು, ಪೂರ್ತಿ ಒಣಗಿಸುವುದು: ಆಹಾರ ವಿಜ್ಞಾನ ಹೇಳುವುದೂ ಜೀವದಯೆ ಬೇಡುವುದೂ ಇಲ್ಲಿ ಒಂದೇ.

ಡ್ರೈಯರ್ ಕೆಲಸ ಮಾಡುವ ಬಗೆ

ಗಾಜಿನ ಮೂಲಕ ಒಳಬಂದ ಬೆಳಕು ಕಪ್ಪು ತಳದಲ್ಲಿ ಶಾಖವಾಗುತ್ತದೆ. ಒಳಗಿನ ಗಾಳಿ 45ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಹಗುರವಾಗಿ ಮೇಲೇರುತ್ತದೆ, ತಟ್ಟೆಗಳ ನಡುವೆ ಹಾಯುತ್ತಾ ತೇವ ಹೊತ್ತು ಮೇಲಿನ ಕಿಂಡಿಯಿಂದ ಹೊರಡುತ್ತದೆ.

ಗಾಳಿ ಬಿಸಿಯಾದಷ್ಟೂ ಅದರ ಬಾಯಾರಿಕೆ ಹೆಚ್ಚು. 28 ಡಿಗ್ರಿಯಲ್ಲಿ ಶೇ. 50 ಸಾಪೇಕ್ಷ ತೇವಾಂಶವಿರುವ ಗಾಳಿಯನ್ನು 50 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ ಸುಮಾರು ಶೇ. 15ಕ್ಕೆ ಇಳಿಯುತ್ತದೆ. ಒಳಗಿರುವ ನೀರು ಅಷ್ಟೇ, ಆದರೆ ಇನ್ನಷ್ಟು ಹೀರುವ ಶಕ್ತಿ ಬಂದಿರುತ್ತದೆ. ಮಳೆಗಾಲದಲ್ಲಿ 26 ಡಿಗ್ರಿ, ಶೇ. 80 ತೇವದ ಗಾಳಿ ಮೋಡದ ನಡುವೆ 40 ಡಿಗ್ರಿಗಷ್ಟೇ ಕಾದರೆ ಶೇ. 36ರ ಹತ್ತಿರ ನಿಲ್ಲುತ್ತದೆ. ಬೇಸಿಗೆಯಲ್ಲಿ ಒಂದೂವರೆ ದಿನಕ್ಕೆ ಮುಗಿಯುವ ಕೆಲಸ ಆಗ ಮೂರು ನಾಲ್ಕು ದಿನಕ್ಕೂ ಮುಗಿಯದಿರುವುದು ಇದರಿಂದಲೇ.

ಎಷ್ಟು ಒಣಗಿಸಬಹುದು ಎಂಬುದಕ್ಕೂ ಸರಳ ಲೆಕ್ಕವಿದೆ. 1 ಕಿಲೋ ನೀರು ಆವಿಯಾಗಲು ಸುಮಾರು 0.67 ಯೂನಿಟ್ (ಕಿಲೋವ್ಯಾಟ್ ಗಂಟೆ) ಶಾಖ ಬೇಕು. ಬೆಂಗಳೂರಿನಲ್ಲಿ ಒಂದು ಚದರ ಮೀಟರ್ ಜಾಗಕ್ಕೆ ದಿನಕ್ಕೆ ಸರಾಸರಿ 5ರಿಂದ 5.5 ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. ಅದರಲ್ಲಿ ಕಾಲು ಭಾಗ ಕೆಲಸಕ್ಕೆ ಬಂದರೂ ದಿನಕ್ಕೆ ಸುಮಾರು 2 ಕಿಲೋ ನೀರು ಹೋಗುತ್ತದೆ. ಆದ್ದರಿಂದ ಒಂದು ಚದರ ಮೀಟರ್ ಡ್ರೈಯರ್‌ಗೆ ಒಮ್ಮೆಗೆ ಹೆಚ್ಚಿದ ತರಕಾರಿ 2ರಿಂದ 2.5 ಕಿಲೋ ಸಾಕು. ಹೆಚ್ಚು ತುಂಬಿದರೆ ಮೊದಲ ದಿನ ಒಣಗದೆ ರಾತ್ರಿ ಹಸಿಯಾಗಿಯೇ ಕಳೆಯುತ್ತದೆ.

ಬಗೆಗಳು

ನೇರ ಪೆಟ್ಟಿಗೆ: ಬಿಸಿಲು ಗಾಜಿನ ಮೂಲಕ ಪದಾರ್ಥದ ಮೇಲೇ ಬೀಳುತ್ತದೆ. ಕೆನಡಾದ ಬ್ರೇಸ್ ಸಂಶೋಧನಾ ಸಂಸ್ಥೆ 1960ರ ದಶಕದಲ್ಲೇ ಇಂಥ ಪೆಟ್ಟಿಗೆಯನ್ನು ಮನೆಯಲ್ಲಿ ಮಾಡಿಕೊಳ್ಳುವ ನಕ್ಷೆಯನ್ನು ಪ್ರಕಟಿಸಿತ್ತು. ಅಗ್ಗ, ಸರಳ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಮಾವಿನಕಾಯಿ ಹೋಳುಗಳಿಗೆ ಸರಿ.

ಪರೋಕ್ಷ ಡ್ರೈಯರ್: ಗಾಳಿ ಒಂದು ಕಡೆ ಕಾಯುತ್ತದೆ, ಪದಾರ್ಥ ಕತ್ತಲೆಯ ಕಪಾಟಿನಲ್ಲಿರುತ್ತದೆ. ನುಗ್ಗೆಸೊಪ್ಪು, ಕರಿಬೇವು, ಪುದೀನಗಳ ಬಣ್ಣ ಮತ್ತು ಪರಿಮಳ ಉಳಿಯಲು ಇದೇ ಉತ್ತಮ.

ಫ್ಯಾನ್ ಇರುವ ಡ್ರೈಯರ್: ಚಿಕ್ಕ ಸೌರ ಫಲಕದಿಂದ ಓಡುವ 12 ವೋಲ್ಟ್ ಫ್ಯಾನ್ ಗಾಳಿಯನ್ನು ಎಳೆಯುತ್ತದೆ. ಬಿಸಿಲು ಹೆಚ್ಚಿದಂತೆ ಫ್ಯಾನ್ ವೇಗ ಹೆಚ್ಚುವುದರಿಂದ ಒಳಗೆ ಅತಿಯಾಗಿ ಕಾಯುವುದಿಲ್ಲ.

ಸುರಂಗ ಮತ್ತು ಹಸಿರುಮನೆ ಡ್ರೈಯರ್: ಜರ್ಮನಿಯ ಹೊಹೆನ್‌ಹೈಮ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸುರಂಗ ಮಾದರಿ, ಪಾಲಿಕಾರ್ಬೊನೇಟ್ ಹೊದಿಕೆಯ ಗುಮ್ಮಟ ಮಾದರಿಗಳು ರೈತ ಸಂಘ, ಸ್ವಸಹಾಯ ಗುಂಪುಗಳಿಗೆ. ಮನೆಗಲ್ಲ.

ನಮ್ಮ ರಾಜ್ಯದಲ್ಲಿ ಆಹಾರ ಒಣಗಿಸುವ ವಿದ್ಯೆಗೆ ಹಳೆಯ ನೆಲೆಗಳಿವೆ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಆಹಾರ ಸಂಸ್ಕರಣೆಯಲ್ಲಿ ತೊಡಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಗೆ ಒಗ್ಗುವ ಇಂಧನ ಸಾಧನಗಳ ಮೇಲೆ ಕೆಲಸ ಮಾಡಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಹಣ್ಣಿನ ಹೋಳುಗಳನ್ನು ಸಕ್ಕರೆ ಪಾಕದಲ್ಲಿ ನೆನೆಸಿ, ನೀರಿನ ಒಂದು ಭಾಗ ಹೊರಬಂದ ಮೇಲೆ ಒಣಗಿಸುವ ವಿಧಾನ ಲಭ್ಯವಿದೆ.

ಬೆಳ್ಳಂದೂರಿನ ತಾರಸಿಯಲ್ಲಿ ಇಡುವಾಗ

ಡ್ರೈಯರ್‌ಗೆ ಬೆಳಿಗ್ಗೆ 9ರಿಂದ ಸಂಜೆ 4ರ ನಡುವೆ ಕನಿಷ್ಠ ಐದಾರು ಗಂಟೆ ತಡೆಯಿಲ್ಲದ ಬಿಸಿಲು ಬೇಕು. ‘ನಮ್ಮದು ದಕ್ಷಿಣದ ಬಾಲ್ಕನಿ, ಸಾಕಲ್ಲ’ ಎಂದು ಹಲವರು ಅಂದುಕೊಳ್ಳುತ್ತಾರೆ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ 18ರ ಸುಮಾರಿನವರೆಗೆ ಮಧ್ಯಾಹ್ನ ಉತ್ತರದ ಕಡೆಗೇ ಇರುತ್ತಾನೆ. ಅಂದರೆ ಮಾವಿನ ಕಾಲದಲ್ಲಿ ದಕ್ಷಿಣದ ಬಾಲ್ಕನಿಗೆ ನಡುಹಗಲಿನ ಬಿಸಿಲೇ ಬೀಳುವುದಿಲ್ಲ. ತಾರಸಿಯೇ ಸರಿಯಾದ ಜಾಗ. ಫೆಬ್ರುವರಿ, ಮಾರ್ಚ್‌ನಲ್ಲಿ ಗಾಜನ್ನು ದಕ್ಷಿಣಕ್ಕೆ 10ರಿಂದ 15 ಡಿಗ್ರಿ ಓರೆ ಮಾಡಿ. ಏಪ್ರಿಲ್ ಕೊನೆಯಿಂದ ಬಹುಮಟ್ಟಿಗೆ ಸಮತಲವಾಗಿ ಇಟ್ಟರೂ ಆದೀತು.

ತಾರಸಿ ಎಲ್ಲರದು. ಅಪಾರ್ಟ್‌ಮೆಂಟ್ ಸಂಘದ ಒಪ್ಪಿಗೆ ಪಡೆಯಿರಿ. ಎತ್ತರದ ಕಟ್ಟಡದಲ್ಲಿ ಬೇಸಿಗೆ ಮಳೆಯ ಗಾಳಿಗೆ ಪೆಟ್ಟಿಗೆ ಹಾರಿಬೀಳದಂತೆ ಕಟ್ಟಿ ಭದ್ರಮಾಡಬೇಕು. ಹೊರವರ್ತುಲ ರಸ್ತೆಯ ಮತ್ತು ಕಟ್ಟಡ ಕಾಮಗಾರಿಯ ಧೂಳು ಗಾಜಿನ ಮೇಲೆ ಕೂರುತ್ತದೆ; ದಿನವೂ ಒರೆಸದಿದ್ದರೆ ಶಾಖ ಕಡಿಮೆಯಾಗುತ್ತದೆ. ಗಾಳಿ ಒಳಬರುವ ಕಿಂಡಿಗೆ ತೆಳು ಬಟ್ಟೆ ಅಥವಾ ನುಣ್ಣನೆಯ ಜಾಲರಿ ಕಟ್ಟಿ, ವಾರಕ್ಕೊಮ್ಮೆ ಒಗೆಯಿರಿ.

ಇರುವೆ ಬಾರದಿರಲೆಂದು ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡುವ ರೂಢಿ ಇದೆ. ಅದರಲ್ಲಿ ಬಿದ್ದು ಇರುವೆ ಸಾಯುತ್ತವೆ. ಚೆಲ್ಲಿದ ಚೂರುಗಳನ್ನು ಆಗಾಗ ಒರೆಸಿ, ಕಾಲಿನ ಸುತ್ತ ಅರಿಶಿನದ ಗೆರೆ ಎಳೆಯುವುದು ಲೇಸು.

ಇನ್ನೊಂದು ಎಚ್ಚರಿಕೆ ಸೊಪ್ಪಿನ ಬಗ್ಗೆ. 2015ರಲ್ಲಿ ನೊರೆಗೂ, 2017 ಮತ್ತು 2018ರಲ್ಲಿ ಬೆಂಕಿಗೂ ಸುದ್ದಿಯಾದ ಬೆಳ್ಳಂದೂರು ಕೆರೆಗೆ ದಶಕಗಳಿಂದ ನಗರದ ಕೊಳಚೆ ಹರಿದಿದೆ. ಅಂಥ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಭಾರಲೋಹಗಳು ಸೇರಿಕೊಳ್ಳಬಹುದು. ಒಣಗಿಸಿದರೆ ನೀರು ಹೋಗುತ್ತದೆ, ಲೋಹ ಹೋಗುವುದಿಲ್ಲ. 1 ಕಿಲೋ ಸೊಪ್ಪಿನಲ್ಲಿದ್ದುದು ಕಾಲು ಕಿಲೋ ಪುಡಿಯಲ್ಲಿ ಒತ್ತಾಗಿ ಉಳಿಯುತ್ತದೆ. ಆದ್ದರಿಂದ ಒಣಗಿಸಲು ತರುವ ಸೊಪ್ಪು ಎಲ್ಲಿಯದು ಎಂದು ಕೇಳಿ ತನ್ನಿ. ಮನೆಯ ಕುಂಡದ ಕರಿಬೇವು, ಪರಿಚಯದ ತೋಟದ ನುಗ್ಗೆ ಅದಕ್ಕೆ ಉತ್ತಮ.

ಏನನ್ನು ಒಣಗಿಸಬಹುದು? ಎಷ್ಟು ಸಿಗುತ್ತದೆ?

ಸಿಪ್ಪೆ, ಬೀಜ, ತೊಟ್ಟು ತೆಗೆದು ಶುದ್ಧಮಾಡಿದ 1 ಕಿಲೋ ಪದಾರ್ಥಕ್ಕೆ ಅಂದಾಜು ಒಣ ತೂಕ:

- ಟೊಮೆಟೊ: 65 ಗ್ರಾಂ
- ಹಾಗಲಕಾಯಿ: 85ರಿಂದ 90 ಗ್ರಾಂ
- ಮಾವಿನಕಾಯಿ: 130 ಗ್ರಾಂ
- ಹಸಿಮೆಣಸಿನಕಾಯಿ: 165 ಗ್ರಾಂ
- ನೆಲ್ಲಿಕಾಯಿ: 200 ಗ್ರಾಂ
- ಗೋರಿಕಾಯಿ: 205 ಗ್ರಾಂ
- ನುಗ್ಗೆಸೊಪ್ಪು: 250 ಗ್ರಾಂ
- ಬಾಳೆಹಣ್ಣು: 300 ಗ್ರಾಂ
- ಕರಿಬೇವು: 375 ಗ್ರಾಂ

ಈ ಲೆಕ್ಕವನ್ನು ನೀವೇ ಮಾಡಿಕೊಳ್ಳಬಹುದು. ಹಾಗಲದಲ್ಲಿ ಶೇ. 92 ನೀರು, ಉಳಿದ ಶೇ. 8 ಸಾರ, ಅಂದರೆ ಕಿಲೋಗೆ 80 ಗ್ರಾಂ ಸಾರ. ಒಣಗಿದ ಮೇಲೆ ಶೇ. 8 ತೇವ ಉಳಿಯಬಹುದೆಂದರೆ 80ನ್ನು 0.92ರಿಂದ ಭಾಗಿಸಿ: 87 ಗ್ರಾಂ. ತಕ್ಕಡಿಯಲ್ಲಿ ತೂಕ ಇದಕ್ಕಿಂತ ಬಹಳ ಹೆಚ್ಚಿದ್ದರೆ ಒಣಗಿದ್ದು ಸಾಲದು. ಕೈಗೆ ಗರಿಗರಿ ಎನಿಸುವುದಕ್ಕಿಂತ ಈ ತೂಕ ನಂಬಿಕೆಗೆ ಯೋಗ್ಯ.

ಹಪ್ಪಳ, ಸಂಡಿಗೆಗಳಿಗೆ ಡ್ರೈಯರ್‌ನಿಂದ ಆಗುವ ಲಾಭ ದೊಡ್ಡದು. ತೆಳುವಾಗಿ ಲಟ್ಟಿಸಿದ ಹಪ್ಪಳವನ್ನು ಬೆಳಿಗ್ಗೆ ಒಳಗಿಟ್ಟರೆ ಒಳ್ಳೆಯ ಬಿಸಿಲಿನಲ್ಲಿ ಸೂರ್ಯಾಸ್ತದೊಳಗೆ ಒಣಗುತ್ತದೆ. ಹಸಿ ಹಿಟ್ಟು ರಾತ್ರಿ ಕಳೆಯುವ ಪ್ರಸಂಗ ಬರುವುದಿಲ್ಲ. ಉದ್ದು, ಹೆಸರಿನಂಥ ಬೇಳೆಯ ಹಿಟ್ಟಿಗೆ ಮೊಸರು, ಮಜ್ಜಿಗೆ ಬೆರೆಸಿದರೆ ದ್ವಿದಳ ದೋಷ ಎಂಬುದು ಗೊತ್ತಿರುವುದೇ. ಬಾಳಕದ ಮೆಣಸಿನಕಾಯಿಯನ್ನು ದಿನಗಟ್ಟಲೆ ಮಜ್ಜಿಗೆಯಲ್ಲಿ ನೆನೆಸುವ ಬದಲು ಉಪ್ಪು, ನಿಂಬೆರಸ ಸವರಿ ಅಂದೇ ಒಣಗಿಸಬಹುದು.

ಒಣಗಿಸುವ ಕ್ರಮ

1. ಮೊದಲು ಶೋಧನೆ. ಪ್ರತಿ ಎಲೆ, ಪ್ರತಿ ಕಾಯಿಯನ್ನು ಹಗಲ ಬೆಳಕಿನಲ್ಲಿ ನೋಡಿ ಆರಿಸಿ. ಮುಚ್ಚಿದ ಪೆಟ್ಟಿಗೆಯೊಳಗೆ 50, 60 ಡಿಗ್ರಿ ಶಾಖವಿರುತ್ತದೆ. ಬಯಲಿನಲ್ಲಾದರೆ ಹುಳು ಹರಿದುಹೋದೀತು. ಇಲ್ಲಿ ಸಿಕ್ಕಿಬಿದ್ದರೆ ಉಳಿಯುವುದಿಲ್ಲ. ಡ್ರೈಯರ್ ಬಳಸುವವರ ಹೊಣೆ ಈ ಒಂದು ವಿಷಯದಲ್ಲಿ ಹೆಚ್ಚು. ಹೂಕೋಸಿನಂಥ, ಒಳಗೆ ನೋಡಲಾಗದ ತರಕಾರಿಯನ್ನು ಬಿಡುವುದೇ ಮೇಲು.

2. ಸೋಸಿದ ನೀರಿನಲ್ಲಿ ತೊಳೆದು, ನೀರು ಬಸಿದು, ಬಟ್ಟೆಯ ಮೇಲೆ ಆರಲು ಬಿಡಿ.

3. ಸಮ ದಪ್ಪಕ್ಕೆ ಹೆಚ್ಚಿ: 3ರಿಂದ 5 ಮಿಲಿಮೀಟರ್. ದಪ್ಪ ಹೋಳಿನ ಹೊರಭಾಗ ಗಟ್ಟಿಯಾಗಿ ಒಳಗಿನ ತೇವ ಹೊರಬರದೆ ಉಳಿಯುತ್ತದೆ.

4. ಗೋರಿಕಾಯಿ, ಹಾಗಲದಂಥ ತರಕಾರಿಗಳನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಹಾಕಿ ತೆಗೆಯಿರಿ. ಬಣ್ಣ ಕೆಡುವುದಿಲ್ಲ, ಬೇಗ ಒಣಗುತ್ತದೆ. ಬಾಳೆಹಣ್ಣು ಕಪ್ಪಾಗದಂತೆ ನಿಂಬೆರಸದ ನೀರಿನಲ್ಲಿ ಅದ್ದಿ. ಪರದೇಶದ ಪುಸ್ತಕಗಳು ಹಣ್ಣನ್ನು ಜೇನಿನಲ್ಲಿ ಅದ್ದಲು ಹೇಳುತ್ತವೆ. ಮಧುತ್ಯಾಗ ಮೂಲಗುಣವಾದ ನಮಗೆ ಅದು ಸಲ್ಲದು, ನಿಂಬೆರಸವೇ ಸಾಕು.

5. ಒಂದೇ ಪದರವಾಗಿ ಹರಡಿ. ಸೊಪ್ಪಿಗೆ 40ರಿಂದ 50 ಡಿಗ್ರಿ, ಹಣ್ಣು ಮತ್ತು ಮೆಣಸಿನಕಾಯಿಗೆ 50ರಿಂದ 60 ಡಿಗ್ರಿ ಸಾಕು. ಒಳಗೊಂದು ಥರ್ಮಾಮೀಟರ್ ಇಡಿ; 65 ದಾಟಿದರೆ ಮೇಲಿನ ಕಿಂಡಿಯನ್ನು ಇನ್ನಷ್ಟು ತೆರೆಯಿರಿ. ಬಿತ್ತನೆ ಬೀಜವನ್ನು 40 ಡಿಗ್ರಿಗಿಂತ ಮೇಲೆ ಕಾಯಿಸಬಾರದು.

6. ಮಧ್ಯಾಹ್ನ ತಟ್ಟೆಗಳನ್ನು ಮೇಲೆ ಕೆಳಗೆ ಬದಲಿಸಿ.

7. ಒಂದು ದಿನಕ್ಕೆ ಮುಗಿಯದಿದ್ದರೆ ಸೂರ್ಯಾಸ್ತಕ್ಕೆ ಮುಂಚೆ ತಟ್ಟೆಗಳನ್ನು ಒಳಗೆ ತಂದು ಮುಚ್ಚಿಡಿ. ತಾರಸಿಯಲ್ಲೇ ಬಿಟ್ಟರೆ ರಾತ್ರಿಯ ತೇವ ಮತ್ತೆ ಸೇರುತ್ತದೆ.

ಹುಳು ಕಂಡ ಧಾನ್ಯವನ್ನು ಬಿಸಿಲಿಗೆ ಹಾಕುವುದು ಊರ ರೂಢಿ. ಅದನ್ನು ಡ್ರೈಯರ್‌ಗೆ ಎಂದೂ ಹಾಕಬಾರದು. ಅದು ಒಣಗಿಸುವುದಲ್ಲ, ಕೊಲ್ಲುವುದು. ಅಂಥ ಧಾನ್ಯವನ್ನು ನೆರಳಿನಲ್ಲಿ ಹರಡಿ ಜೀವಗಳು ತಾವಾಗಿ ಹೋಗಲು ಬಿಡಬೇಕು. ಧಾನ್ಯ ತಂದ ಹೊಸದರಲ್ಲೇ, ಶೋಧಿಸಿ, ಹುಳುವಿಲ್ಲದಾಗ ಒಣಗಿಸಿ ಇಟ್ಟರೆ ಆ ಪ್ರಸಂಗವೇ ವಿರಳ.

ಡಬ್ಬಿಗೆ ತುಂಬುವುದು ಮತ್ತು ಕಾಲಮರ್ಯಾದೆ

ಬಿಸಿಯಾಗಿರುವಾಗಲೇ ಮುಚ್ಚಳ ಹಾಕಿದರೆ ಒಳಗೆ ಬೆವರು ಕಟ್ಟುತ್ತದೆ. ತಣಿಸಿ, ಮೊದಲು ಗಾಜಿನ ಜಾಡಿಗೆ ಸಡಿಲವಾಗಿ ತುಂಬಿ, ಒಂದು ವಾರ ದಿನವೂ ಕುಲುಕಿ ನೋಡಿ. ಗಾಜಿನ ಒಳಗೆ ಮಂಜು ಕಂಡರೆ ಅಥವಾ ಹೋಳುಗಳು ಅಂಟಿಕೊಂಡರೆ ಮತ್ತೆ ಡ್ರೈಯರ್‌ಗೆ. ಸೊಪ್ಪು ಬೆರಳಲ್ಲಿ ಪುಡಿಯಾಗಬೇಕು. ಮೆಣಸಿನಕಾಯಿ ಅಲುಗಿಸಿದರೆ ಬೀಜ ಸದ್ದು ಮಾಡಬೇಕು. ಮಾವಿನ ಹಾಳೆ ಬಾಗಿದರೂ ರಸ ಜಿನುಗಬಾರದು. ಸೂಕ್ಷ್ಮಜೀವಿಗಳಿಗೆ ದಕ್ಕುವ ನೀರನ್ನು ವಿಜ್ಞಾನಿಗಳು 0ಯಿಂದ 1ರವರೆಗೆ ಅಳೆಯುತ್ತಾರೆ, 0.6ಕ್ಕಿಂತ ಕೆಳಗಿದ್ದರೆ ಬೂಷ್ಟು ಬೆಳೆಯಲಾರದು. ನಾವು ಮುಟ್ಟಬೇಕಾದ ಗುರಿ ಅದು.

ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನ ಎಂದು ದಿಗಂಬರ ಪರಂಪರೆಯಲ್ಲಿ ಹೇಳುತ್ತಾರೆ. ಕುಟ್ಟಿದ ಪುಡಿಗಳಿಗೂ ಇದೇ ಲೆಕ್ಕ ಹಿಡಿಯುವ ಮನೆಗಳಿವೆ. ಆದ್ದರಿಂದ ಒಣಗಿದ ಕೂಡಲೇ ಎಲ್ಲವನ್ನೂ ಪುಡಿ ಮಾಡಬೇಡಿ. ಇಡಿಯಾಗಿ ಇಟ್ಟು, ಬೇಕಾದಾಗ ಬೇಕಾದಷ್ಟನ್ನು ಪುಡಿ ಮಾಡಿಕೊಳ್ಳಿ. ಪುಡಿಗೆ ಗಾಳಿ ತಗಲುವ ಮೈ ಹೆಚ್ಚು, ತೇವ ಹೀರುವುದೂ ಬೇಗ. ವಿಜ್ಞಾನವೂ ಇದನ್ನೇ ಹೇಳುತ್ತದೆ.

ಪರ್ವತಿಥಿಗಳಲ್ಲಿ ಹಸಿರು ಬಿಡುವ ಶ್ವೇತಾಂಬರ ಮನೆಗಳಲ್ಲಿ ಒಣ ತರಕಾರಿಯ ಬಳಕೆ ಹಳೆಯದು. ರಾಜಸ್ಥಾನದ ಕೇರ್‌-ಸಾಂಗ್ರಿ ಅದಕ್ಕೆ ಹೆಸರಾದ ಉದಾಹರಣೆ. ಅದೇ ಪರಂಪರೆಯಲ್ಲಿ ಫಾಲ್ಗುಣ ಚೌಮಾಸಿಯ ನಂತರ ಸೊಪ್ಪನ್ನೂ ಕೆಲವು ಒಣಹಣ್ಣುಗಳನ್ನೂ ಬಿಡುವ ಕ್ರಮವಿದೆ. ಸೊಪ್ಪಿನ ತ್ಯಾಗ ಮಾಡಿದವರಿಗೆ ಒಣ ಸೊಪ್ಪು ಸಲ್ಲುತ್ತದೆಯೇ ಎಂಬುದು ನಿಯಮ ತೆಗೆದುಕೊಂಡಾಗಿನ ಸಂಕಲ್ಪವನ್ನು ಅವಲಂಬಿಸಿದೆ. ತ್ಯಾಗಿಗಳ ಆಹಾರದಾನಕ್ಕೆ ಒಣ ಪದಾರ್ಥ ಬಳಸುವ ಮೊದಲು ಸಂಘದಲ್ಲಿ ಕೇಳಿಕೊಳ್ಳಿ.

ಡಬ್ಬಿಯ ಮೇಲೆ ಒಣಗಿಸಿದ ದಿನಾಂಕ ಬರೆಯಿರಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲಿರುವ ದಿನವೇ, ಒಣ ಕೈಯಿಂದ ತೆರೆದು ನೋಡಿ.

ಯಾವಾಗ ಒಣಗಿಸಬೇಕು?

ಪಂಚಾಂಗವೇ ದಾರಿ ತೋರುತ್ತದೆ. ಫಾಲ್ಗುಣದ ಅಷ್ಟಾಹ್ನಿಕದಿಂದ ಆಷಾಢದ ಅಷ್ಟಾಹ್ನಿಕದ ನಡುವೆ ಬೆಂಗಳೂರಿಗೆ ವರ್ಷದ ಒಳ್ಳೆಯ ಬಿಸಿಲು ಬಂದು ಹೋಗುತ್ತದೆ. ಮಾರ್ಚ್ ಒಣ ತಿಂಗಳು: ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ನೆಲ್ಲಿ. ಏಪ್ರಿಲ್, ಮೇನಲ್ಲಿ ಮಾವು. ಸಂಜೆಯ ಗುಡುಗು ಮಳೆಗೆ ಮುಂಚೆ ತಟ್ಟೆ ಒಳತರಬೇಕು. ಜೂನ್ ಮೊದಲ ವಾರದೊಳಗೆ ಡಬ್ಬಿಗಳು ಮುಚ್ಚಿರಬೇಕು. ಚಾತುರ್ಮಾಸ ಕುಳಿತ ಮೇಲೆ ಒಣಗಿಸಲು ಹೊರಡುವುದು ತಡವಾದ ಮಾತು. ಜೀವೋತ್ಪತ್ತಿ ಹೆಚ್ಚಿರುವ ಕಾಲ ಅದೇ, ಬಿಸಿಲು ಕೈಕೊಡುವ ಕಾಲವೂ ಅದೇ.

ಕೊಳ್ಳುವಾಗ, ಉದ್ಯೋಗ ಮಾಡುವಾಗ

ಕೊಳ್ಳುವಾಗ ತಟ್ಟೆ ಸ್ಟೇನ್‌ಲೆಸ್ ಸ್ಟೀಲಿನದೇ ನೋಡಿ. ಸತು ಲೇಪಿಸಿದ ಜಾಲರಿಯಿಂದ ಹುಳಿ ಹಣ್ಣಿಗೆ ಸತು ಇಳಿಯುತ್ತದೆ. ಗಾಜು ಗಟ್ಟಿಗೊಳಿಸಿದ್ದಿರಲಿ, ಪ್ಲಾಸ್ಟಿಕ್ ಹಾಳೆಯಾದರೆ ಅತಿನೇರಳೆ ಕಿರಣ ತಡೆಯುವ ಬಗೆಯದಿರಲಿ. ಕಿಂಡಿಗಳಿಗೆ ಜಾಲರಿ ಇದೆಯೇ, ತಟ್ಟೆ ತೆಗೆದು ತೊಳೆಯಬಹುದೇ ಪರೀಕ್ಷಿಸಿ. ಅಪಾರ್ಟ್‌ಮೆಂಟಿನವರೆಲ್ಲ ಸೇರಿ ಒಂದು ಡ್ರೈಯರ್ ಇಟ್ಟುಕೊಂಡರೆ ಕಂದಮೂಲ ಒಣಗಿಸುವವರ ತಟ್ಟೆ ಬೇರೆ, ನಮ್ಮ ತಟ್ಟೆ ಬೇರೆ ಎಂದು ಗುರುತು ಹಾಕಿ, ದಿನಗಳನ್ನೂ ಹಂಚಿಕೊಳ್ಳಿ.

ಇದನ್ನೇ ಗೃಹೋದ್ಯಮವಾಗಿ ಮಾಡುವ ಮಹಿಳೆಯರಿಗೆ ನೆರವು ಇದೆ. ಕೇಂದ್ರದ ಪಿಎಂಎಫ್‌ಎಂಇ ಯೋಜನೆ 2020ರ ಜೂನ್‌ನಲ್ಲಿ ಶುರುವಾಯಿತು. ಅದರಲ್ಲಿ ಕಿರು ಆಹಾರ ಘಟಕಗಳಿಗೆ ಬ್ಯಾಂಕ್ ಸಾಲದ ಜೊತೆ ಯೋಜನಾ ವೆಚ್ಚದ ಶೇ. 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ಕರ್ನಾಟಕ ಸರ್ಕಾರ ಇದಕ್ಕೆ ಶೇ. 15 ಸೇರಿಸಿದೆ. ರಾಜ್ಯದಲ್ಲಿ ಇದರ ಹೊಣೆ ಕೆಪೆಕ್ ನಿಗಮದ್ದು. ಅರ್ಜಿ ಹಾಕುವ ಮುನ್ನ ಈಗಿನ ನಿಯಮ ಮತ್ತು ಕೊನೆಯ ದಿನಾಂಕವನ್ನು ನಿಗಮದಲ್ಲಿ ವಿಚಾರಿಸಿ. ಮಾರಾಟಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಕಡ್ಡಾಯ. ತರಬೇತಿ ಬೇಕಾದವರಿಗೆ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಂಥ ಸ್ವ-ಉದ್ಯೋಗ ಕೇಂದ್ರಗಳಿವೆ. ಅದೇ ವರ್ಷ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಆರಂಭಿಸಿದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳು ಹಳ್ಳಿಯ ಹೆಣ್ಣುಮಕ್ಕಳು ಕೂಡಿ ದುಡಿಯುವುದಕ್ಕೆ ನಮ್ಮ ಕಣ್ಣೆದುರಿನ ಮಾದರಿ. ನಗರದ ಮಹಿಳಾ ಸಮಾಜಗಳೂ ಬೇಸಿಗೆಯ ಮೂರು ತಿಂಗಳು ಹೀಗೆ ಕೂಡಿ ದುಡಿದರೆ, ಕಂದಮೂಲವಿಲ್ಲದ, ಶೋಧಿಸಿ ಒಣಗಿಸಿದ ಪದಾರ್ಥ ಉಳಿದ ಮನೆಗಳಿಗೂ ಸಿಗುತ್ತದೆ.

ಕೊನೆಯದಾಗಿ

ಬಿಸಿಲಿಗೆ ಬಿಲ್ಲಿಲ್ಲ, ಅದರಿಂದ ಹೊಗೆಯೂ ಇಲ್ಲ. ಒಲೆ ಉರಿಸದೆ, ರಾತ್ರಿ ದೀಪ ಹಚ್ಚಿ ದುಡಿಯದೆ, ಹಗಲಿನಲ್ಲೇ ಮುಗಿಯುವ ಕೆಲಸ ಇದು. ಆದರೆ ಪೆಟ್ಟಿಗೆ ತಂದಿಟ್ಟ ಮಾತ್ರಕ್ಕೆ ಆಹಾರ ಶುದ್ಧವಾಗುವುದಿಲ್ಲ. ಮುಚ್ಚಳ ಹಾಕುವ ಮುನ್ನ ಪ್ರತಿ ಎಲೆಯನ್ನೂ ತಿರುವಿ ನೋಡುವ ಕಣ್ಣು, ಡಬ್ಬಿ ಮುಚ್ಚುವ ಮುನ್ನ ತೂಕ ನೋಡುವ ತಾಳ್ಮೆ ಎರಡೂ ಬೇಕು. ಅವು ಇದ್ದರೆ ಬೆಳ್ಳಂದೂರಿನ ಹನ್ನೆರಡನೇ ಮಹಡಿಯ ಮೇಲೂ ಅಜ್ಜಿಯ ಮಾಳಿಗೆಯ ಆಚಾರ ಉಳಿದೀತು.

ಜೈ ಜಿನೇಂದ್ರ.